ನಮ್ಮ ಮನೆ ಹೆಣ್ಣುಮಗಳು

ಮುದ್ರಣಾಲಯದಲ್ಲಿ ಕರಡು ತಿದ್ದುವ ಯೆಹೂದಿ ಹಿರಿಯರು ಅಕ್ಷರಗಳಿಗಿಂತ ಪಾತ್ರಗಳನ್ನು ತಿದ್ದಿದ್ದೇ ಹೆಚ್ಚು. ಯೇಸುವಿನ ಕಾಲದ ಐತಿಹಾಸಿಕ ಕಾದಂಬರಿಯೊಂದು ಕೈಗೆ ಬಂದ ಮೇಲಂತೂ ಅವರ ಕೆಂಪು ಪೆನ್ನಿಗೆ ಪುರುಸೊತ್ತೇ ಇಲ್ಲ. ರೋಮನ್ ಸೈನಿಕ ಬಾಗಿಲು ತಟ್ಟದೆ ಒಳಗೆ ಬಂದರೆ ಅಂಚಿನಲ್ಲಿ ‘ಮರ್ಯಾದೆ?’ ಎಂದು ಬರೆಯುತ್ತಾರೆ. ಶಿಷ್ಯರು ಕೈ ತೊಳೆಯದೆ ಊಟಕ್ಕೆ ಕೂತರೆ ಪುಟವೆಲ್ಲ ಕೆಂಪು. “ನಮ್ಮ ಶಾಸ್ತ್ರದಲ್ಲೇ ಹಾಗಿದೆ ಸ್ವಾಮಿ” ಎಂದು ಕ್ರೈಸ್ತ ಮಾಲೀಕರು ಗೋಗರೆದರೆ, “ಹಾಗಾದ್ರೆ ಅದರ ಕರಡನ್ನೂ ಯಾರೂ ಸರಿಯಾಗಿ ನೋಡಿಲ್ಲ” ಎನ್ನುತ್ತಾರೆ. ಹಿಂದೆ ತಮ್ಮ ಮಗಳು ಈ ಮಾಲೀಕರ ಮಗನನ್ನೇ ಮದುವೆಯಾದಾಗ ಅವಳೊಂದಿಗೆ ಮಾತು ಬಿಟ್ಟರು, ಕೆಲಸ ಬಿಡಲಿಲ್ಲ. ಇಂದು ಮಾತ್ರ ಹಾಳೆ ಹಿಡಿದು ಎದ್ದೇ ಬಂದರು. “ಯೇಸುವಿನ ತಾಯಿ ಶುಕ್ರವಾರ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚಿದಳಂತೆ! ಅವಳೂ ಯೆಹೂದಿಯೇ ಅಲ್ವೇ? ಸಬ್ಬತ್ತಿನ ವಿಶ್ರಾಂತಿ ದಿನ ಶುರುವಾದ್ಮೇಲೆ ಬೆಂಕಿ ಮುಟ್ತಾರೇನ್ರೀ? ನಮ್ಮ ಮನೆ ಹೆಣ್ಣುಮಗಳು ಹಾಗೆ ಮಾಡೋಳಲ್ಲ!” ಮಾಲೀಕರು ಕನ್ನಡಕ ತೆಗೆದರು. “ನಿಜ, ಮಾಡೋಳಲ್ಲ. ನಮ್ಮನೆಗೆ ಸೊಸೆಯಾಗಿ ಬಂದು ಆರು ವರ್ಷ ಆಯ್ತು. ಈಗಲೂ ಶುಕ್ರವಾರ ಹೊತ್ತು ಮುಳುಗೋ ಮುಂಚೆ ಒಲೆ ಆರಿಸಿ, ದೀಪ ಹಚ್ಚಿಡ್ತಾಳೆ.” ಹಿರಿಯರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು: “ಇವತ್ತು ಯಾವ ವಾರ, ಬೀಗರೇ?”