ಚಳಿಗೆ ತಕ್ಕ ತೋಟೆ

ಅರಬ್ ನಾಡಿನ ಇಬ್ರಾ ಪೇಟೆಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜನವರಿಯ ಚಳಿಗೆ ಮಫ್ಲರ್ ಸುತ್ತಿಕೊಂಡ ಫೌಸ್ಟಿನ್, ವಾದಿಯ ಒಣಗಿದ ಹೊಳೆಪಾತ್ರದಲ್ಲಿ ಮರಳುಚೀಲಕ್ಕೆ ಗುಂಡು ಹೊಡೆದು ಕಿವಿಗೊಡುತ್ತಾರೆ. ಕೋವಿಯ ಬಾಯಿಗೆ ಸದ್ದಡಗಿಸುವ ನಳಿಗೆ ಇದ್ದರೂ ಚಾಟಿ ಬೀಸಿದಂಥ ಸಿಡಿತ ಕೇಳುತ್ತದೆ.

"ಇದು ಆಗುದಿಲ್ಲ ಮಾರಾಯ್ರೆ," ಎಂದು ಕೋವಿಗೆ ತುಂಬುವ ತೋಟೆಗಳ ಆ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳುತ್ತಾರೆ.

ಕಿನ್ನಿಗೋಳಿಯ ಫೌಸ್ಟಿನ್ ಇಲ್ಲಿಗೆ ಬಂದದ್ದು ೧೯೮೪ರಲ್ಲಿ, ಸ್ಟೋರ್ ಕೀಪರ್ ಆಗಿ. ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಕಫೀಲ್ ಸಾಲಿಮ್ ಅವರ ಬೇಲಿಯೊಳಗಿನ ಜಿಂಕೆಗಳಿಗೆ ಹುಲ್ಲು ಹಾಕುವ ಕೆಲಸ ತಾನಾಗಿಯೇ ಕೊರಳಿಗೆ ಬಿತ್ತು. ಆಮೇಲೆ ಅದೇ ಜೀವವಾಯಿತು. ಪ್ರತಿ ಚಳಿಗಾಲ ಸಾಲಿಮ್ ಹಿಂಡಿನ ಮುದಿ ಗಂಡೊಂದನ್ನು ಬೇಟೆಯಾಡುತ್ತಾರೆ. ತೋಟೆ ಆರಿಸುವುದು ಫೌಸ್ಟಿನ್. ಸದ್ದಿಗಿಂತ ನಿಧಾನ ಹೋಗುವ ಗುಂಡೇ ಬೇಕು. ಇಲ್ಲದಿದ್ದರೆ ಅದು ಗಾಳಿಯಲ್ಲಿ ಚಾಟಿಯಂತೆ ಸಿಡಿದು ಹಿಂಡು ಹುಚ್ಚೆದ್ದು ಓಡುತ್ತದೆ.

ಕಳೆದ ವರ್ಷ ಆದದ್ದೇ ಅದು. ಆಗಸ್ಟ್ ಬಿಸಿಲಿನಲ್ಲಿ ಪರೀಕ್ಷಿಸಿದಾಗ ಬೆಕ್ಕಿನಂತೆ ಸದ್ದಿಲ್ಲದಿದ್ದ ತೋಟೆ ಜನವರಿಯಲ್ಲಿ ಸಿಡಿಯಿತು. ತಣ್ಣನೆಯ ಗಾಳಿಯಲ್ಲಿ ಸದ್ದಿನ ಓಟವೇ ನಿಧಾನ, ಗುಂಡು ಅದನ್ನು ಹಿಂದೆ ಹಾಕಿತು. ಸೆಕೆಯ ನಾಡಿನಲ್ಲಿ ಚಳಿಯ ಲೆಕ್ಕ ಯಾರಿಗೆ ಹೊಳೆದೀತು! ಬೇಲಿಗೆ ನುಗ್ಗಿದ ಜಿಂಕೆಗಳಲ್ಲಿ, ಫೌಸ್ಟಿನ್ ಬಾಟಲಿ ಹಾಲು ಕುಡಿಸಿ ಸಾಕಿದ ಎರಡು ಮರಿಗಳು ಸತ್ತವು. "ಇನ್ನೊಮ್ಮೆ ಹೀಗಾದರೆ ಖಲಾಸ್, ಹಿಂಡನ್ನೇ ಮಾರುತ್ತೇನೆ," ಎಂದಿದ್ದರು ಸಾಲಿಮ್.

"ಆ ವಾರ ಅನ್ನ ಸೇರ್ಲಿಲ್ಲ ನಂಗೆ," ಎನ್ನುತ್ತಾರೆ ಫೌಸ್ಟಿನ್. "ಈಗ ಬೇಟೆಯ ಹೊತ್ತಿನ ಚಳಿಯಲ್ಲೇ ನೋಡುದು. ಬೇರೆ ದಾರಿ ಇಲ್ಲ."

ಮತ್ತೊಂದು ಪೆಟ್ಟಿಗೆ. ಚೀಲಕ್ಕೆ ಗುಂಡು ಬಡಿದ 'ಧಪ್' ಬಿಟ್ಟರೆ ಬೇರೇನೂ ಇಲ್ಲ. ಮತ್ತೆ ಹೊಡೆದರೂ ಅಷ್ಟೇ. ಅದನ್ನೇ ಎತ್ತಿಕೊಂಡು ಬೇಲಿಯತ್ತ ನಡೆಯುತ್ತಾರೆ.

ಮರೆಯಲ್ಲಿ ಸಾಲಿಮ್ ಕಾಯುತ್ತಿದ್ದಾರೆ. "ನಿಧಾನದ ಗುಂಡು ಬೇಗ ಕೆಳಗಿಳೀತದೆ. ಹತ್ತಿರ ಬರ್ಲಿ, ಅರ್ಬಾಬ್," ಎಂದು ಫೌಸ್ಟಿನ್ ತಮ್ಮ ಮುರುಕು ಹಿಂದಿಯಲ್ಲಿ ಧಣಿಗೆ ಪಿಸುಗುಡುತ್ತಾರೆ. ಕೊಂಬು ಸವೆದ ಮುದಿ ಗಂಡು ನೀರಿನ ತೊಟ್ಟಿಗೆ ಬರುತ್ತದೆ. ಫೌಸ್ಟಿನ್ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

ಧಪ್. ಮುದಿ ಗಂಡು ನಿಂತಲ್ಲೇ ಕುಸಿಯುತ್ತದೆ. ಹಿಂಡು ಕತ್ತೆತ್ತುತ್ತದೆ, ಕಿವಿ ನಿಮಿರಿಸುತ್ತದೆ. ಆಮೇಲೆ ಜಿಂಕೆಗಳು ಒಂದೊಂದಾಗಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತವೆ.

ಸಾಲಿಮ್ ಕೋವಿ ಕೆಳಗಿಟ್ಟು ಫೌಸ್ಟಿನ್‌ರನ್ನು ಬಾಚಿ ತಬ್ಬಿಕೊಳ್ಳುತ್ತಾರೆ. "ಹಿಂಡು ಎಲ್ಲಿಗೂ ಹೋಗುವುದಿಲ್ಲ. ಯಲ್ಲಾ, ಕಾಫಿ!"

ಫೌಸ್ಟಿನ್ ಹಿಗ್ಗಿ ಹೀರೇಕಾಯಿ ಆಗಿದ್ದಾರೆ. ಆದರೆ ಕಾಲು ಎಳೆಯುತ್ತಿರುವುದು ಆಫೀಸಿನ ಫೋನಿನ ಕಡೆಗೆ. "ಪ್ರೆಸಿಲ್ಲಾ ಹಮ್ರಿಯಾದ ಮನೆಯಲ್ಲಿ ಫೋನಿನ ಹತ್ರವೇ ಕೂತಿರ್ತಾಳೆ," ಎನ್ನುತ್ತಾರೆ ಹೆಂಡತಿಯನ್ನು ನೆನೆದು. "ಕಾಫಿ ಆಮೇಲೆ. ಮೊದ್ಲು ಅವಳಿಗೆ ಹೇಳ್ಬೇಕು, ಈ ಸಲ ಒಂದೂ ಓಡ್ಲಿಲ್ಲ ಅಂತ."