ಬಿನ್ನವತ್ತಳೆ ಬರೆಯುವವನು

ನಮ್ಮ ಕಾರ್ಖಾನೆಯಲ್ಲಿ ಯಾರೇ ನಿವೃತ್ತರಾದರೂ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಮತ್ತು ಗಾಜಿನ ಚೌಕಟ್ಟು ಹಾಕಿಸಿದ ಇಂಗ್ಲಿಷ್ ಬಿನ್ನವತ್ತಳೆ ಸಿಗುತ್ತಿತ್ತು. ಶಾಲು, ಹಣ್ಣು ಸಂಘದವರು ತರುತ್ತಿದ್ದರು. ಬಿನ್ನವತ್ತಳೆ ನನ್ನದು. ಕೆ.ಆರ್. ಪುರದ ಆ ಕಾರ್ಖಾನೆಯ ಆಫೀಸಿನಲ್ಲಿ ಇಂಗ್ಲಿಷ್ ಪತ್ರ ಬರೆಯುವ ಗುಮಾಸ್ತನಾಗಿದ್ದ ನಾನು ತೊಂಬತ್ತರ ದಶಕವಿಡೀ ಎಷ್ಟೋ ಜನರನ್ನು ಹೊಗಳಿ ಮನೆಗೆ ಕಳಿಸಿದ್ದೇನೆ.

ಬರೆಯುವುದಕ್ಕೆ ನನ್ನದೇ ಒಂದು ಪದ್ಧತಿಯಿತ್ತು. ನಿವೃತ್ತಿಗೆ ಮುಂಚಿನ ಒಂದು ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಅವರನ್ನು ಏನೂ ಕೇಳುತ್ತಿರಲಿಲ್ಲ. ತನ್ನ ಬಗ್ಗೆ ತಾನೇ ಹೇಳುವವನು ಒಂದೋ ಬಡಾಯಿ ಕೊಚ್ಚುತ್ತಾನೆ, ಇಲ್ಲ ನಾಚಿಕೊಳ್ಳುತ್ತಾನೆ. ಹೆಂಡತಿಯನ್ನು ಕೇಳುತ್ತಿದ್ದೆ. ಬಾಣಸವಾಡಿಯ ಫೋರ್‌ಮನ್ ಒಬ್ಬರ ಹೆಂಡತಿ ಕಾಫಿ ಲೋಟ ಕೈಗಿಡುತ್ತಾ, "ಇವ್ರದ್ದೇನ್ ಹೇಳೋದು ಸಾರ್, ಭಾನುವಾರ ಬಂದ್ರೆ ಊಟಾನೇ ಸೇರಲ್ಲ. ಕೈಯಲ್ಲಿ ಮಿಷನ್ ಎಣ್ಣೆ ವಾಸ್ನೆ ಇಲ್ಲ ಅಂತಾರೆ" ಎಂದು ನಕ್ಕಿದ್ದರು. ಆ ಮಾತನ್ನೇ ಇಂಗ್ಲಿಷಿಗೆ ತಂದೆ. ಸಭೆಯಲ್ಲಿ ಓದಿದಾಗ ಅಷ್ಟು ದೊಡ್ಡ ಮನುಷ್ಯ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ನನ್ನ ಇಂಗ್ಲಿಷಿನ ಬಗ್ಗೆ ನನಗೆ ಜಂಭವಿತ್ತು, ಮುಚ್ಚಿಡುವುದೇಕೆ. ಹಲಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ನೋಯಿಸಿಕೊಂಡು ಕಲಿತದ್ದು. 'ಐ ಬೆಗ್ ಟು ಸ್ಟೇಟ್' ಎಂದು ಬೇಡಿಕೊಳ್ಳದೆ ನನ್ನ ಪತ್ರ ಶುರುವೇ ಆಗುತ್ತಿರಲಿಲ್ಲ. ಈಗ ಯೋಚಿಸಿದರೆ ಅದೂ ಬಿಳೀ ದೊರೆಗಳು ಬಿಟ್ಟುಹೋದ ಹಳೇ ಕೋಟು. ಆಗ ಹಾಗೆ ಅನಿಸಿರಲಿಲ್ಲ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಟಿವಿ, ಎಫ್‌ಎಂ, ಮೊಬೈಲ್ ಎಲ್ಲ ಸೇರಿ ಇಂಗ್ಲಿಷನ್ನು ಕುಲಗೆಡಿಸುತ್ತಿವೆ ಎಂದೇ ನಂಬಿದ್ದೆ. ಮೀಟಿಂಗಿನಲ್ಲಿ ಕಷ್ಟ ಎನ್ನುವುದೇ ಇಲ್ಲವಾಯಿತು, ಎಲ್ಲವೂ 'ಚಾಲೆಂಜ್'. ಹತ್ತು ಜನರನ್ನು ಕೆಲಸದಿಂದ ತೆಗೆದರೆ ಅದು 'ರೈಟ್‌ಸೈಜಿಂಗ್'. ಸ್ಕ್ರೂ ಬಿಗಿಯುವವನಿಗೂ ಸ್ಕ್ರೂ ಮೇಲೆ 'ಪ್ಯಾಶನ್' ಇರಬೇಕಂತೆ!

ನಾನು ಕೆಂಪು ಪೆನ್ನು ಹಿಡಿದೆ. ನಾಲಿಗೆಗೆ ಮೂಳೆಯಿಲ್ಲ ಎನ್ನುತ್ತಾರೆ. ನನ್ನದಕ್ಕೆ ಹಲ್ಲೂ ಇತ್ತು. ಚಿಕ್ಕವರು ತಂದ ಪತ್ರಗಳನ್ನು ಗೀಚಿ ಎಸೆದು, "ಇದೇನ್ರೀ, ಇಂಗ್ಲಿಷೋ, ಸೋಪಿನ ಜಾಹೀರಾತೋ?" ಎಂದು ಎಲ್ಲರ ಮುಂದೆ ಕೇಳುತ್ತಿದ್ದೆ. ಪತ್ರ ತರುವವರು ಕಡಿಮೆಯಾದರು. ಆಮೇಲೆ ಊಟಕ್ಕೆ ಕರೆಯುವವರೂ. ಡಬ್ಬಿ ಬಿಚ್ಚಿ ನನ್ನ ಮೇಜಿನ ಮುಂದೆಯೇ ಒಬ್ಬನೇ ಉಣ್ಣುತ್ತಿದ್ದೆ. ಅವರ ಇಂಗ್ಲಿಷ್ ಕಿವಿಗೆ ಬೀಳುವುದಿಲ್ಲ, ಪೀಡೆ ತೊಲಗಿತು ಎಂದುಕೊಳ್ಳುತ್ತಿದ್ದೆ. ಸುಳ್ಳು. ಪಕ್ಕದ ಕೋಣೆಯಿಂದ ನಗು ಕೇಳಿಸಿದಾಗ ಅಗಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ.

ಆ ವರ್ಷಗಳಲ್ಲೇ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಜೋಗುಪಾಳ್ಯದ ಮನೆಯಲ್ಲಿ ಮಾತಾಡುವುದಕ್ಕೆ ಟಿವಿ ಒಂದೇ ಉಳಿಯಿತು. ಅದರಲ್ಲಿ ವಾರ್ತೆ ಓದುವವಳ ಇಂಗ್ಲಿಷನ್ನೂ ತಿದ್ದುತ್ತಾ ಕೂರುತ್ತಿದ್ದೆ.

ನನ್ನ ನಿವೃತ್ತಿಯೂ ಹತ್ತಿರ ಬಂತು. ನನ್ನ ಬಿನ್ನವತ್ತಳೆಯನ್ನು ಬರೆಯುವವರು ಯಾರು? ಯಾರನ್ನೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ನಿವೃತ್ತಿಗೆ ಮುಂಚಿನ ಎರಡು ಭಾನುವಾರ ಮನೆ ಗುಡಿಸಿ, ಒಂದು ಪ್ಯಾಕೆಟ್ ಹಾಲು ಹೆಚ್ಚಿಗೆ ತಂದಿಟ್ಟು ಕಾದೆ. ಯಾರೂ ಬರಲಿಲ್ಲ. ಬಂದದ್ದು ಒಂದು ಈಮೇಲ್. ಹೊಸದಾಗಿ ಸೇರಿದ್ದ ಎಚ್‌ಆರ್ ಹುಡುಗಿ, ನಿಮ್ಮ ಐದು 'ಕೀ ಸ್ಟ್ರೆಂತ್ಸ್' ಬರೆದು ಕಳಿಸಿ ಎಂದಿದ್ದಳು. ಸಿಟ್ಟು ನೆತ್ತಿಗೇರಿತು. ಆದರೂ ಬರೆಯಲು ಕುಳಿತೆ. ಊರಿನವರನ್ನೆಲ್ಲ ಬಣ್ಣಿಸಿದ ಕೈಗೆ ನನ್ನ ಬಗ್ಗೆ ಒಂದು ಸಾಲೂ ಬರಲಿಲ್ಲ. ಹೆಂಡತಿ ಇದ್ದಿದ್ದರೆ ಅವಳನ್ನು ಕೇಳಬಹುದಿತ್ತು. ಆ ಈಮೇಲಿಗೆ ಉತ್ತರ ಕಳಿಸಲಿಲ್ಲ.

ಬೀಳ್ಕೊಡುಗೆಯ ದಿನ ಚೌಕಟ್ಟು ಇರಲಿಲ್ಲ, ಗೋಡೆಯ ಮೇಲೆ ಸ್ಲೈಡ್ ಬಿಟ್ಟರು. ಡೈನಾಮಿಕ್. ಪ್ರೊಆಕ್ಟಿವ್. ಟೀಮ್ ಪ್ಲೇಯರ್. ಒಂದೊಂದು ಪದಕ್ಕೂ ಚಪ್ಪಾಳೆ. ವರ್ಷಗಟ್ಟಲೆ ಒಬ್ಬನೇ ಉಂಡವನು ಟೀಮ್ ಪ್ಲೇಯರ್! ಎಲ್ಲ ಮುಗಿದ ಮೇಲೆ ಆ ಹುಡುಗಿಯನ್ನು ಪಕ್ಕಕ್ಕೆ ಕರೆದೆ.

"ಇದ್ರಲ್ಲಿ ನಾನೆಲ್ಲಿದ್ದೀನಮ್ಮಾ? ಯಾರಿಗ್ ಬೇಕಾದ್ರೂ ಅಂಟಿಸ್ಬಹುದಲ್ಲ ಇದನ್ನ?"

"ಸಾರಿ ಸಾರ್. ನೀವು ರಿಪ್ಲೈ ಮಾಡ್ಲಿಲ್ಲ. ನೆಟ್‌ನಲ್ಲಿ ಸಿಕ್ಕಿದ್ದು ಹಾಕ್ಬಿಟ್ಟೆ."

"ಇಷ್ಟು ವರ್ಷ ಜೊತೇಲಿ ಕೆಲಸ ಮಾಡ್ದೋರು ಇದ್ರಲ್ಲ. ಅವ್ರನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

ಅವಳು ನೆಲ ನೋಡಿದಳು.

"ಎಲ್ಲಾರ್ನೂ ಕೇಳ್ದೆ ಸಾರ್" ಎಂದಳು. "ನಿಮ್ ಬಗ್ಗೆ ಯಾರಿಗೂ ಏನೂ ಗೊತ್ತಿರ್ಲಿಲ್ಲ."