ಸೋಮವಾರ ಆನೆ ಹತ್ತಿದ್ದು

ನಮ್ಮಪ್ಪ ಸೋಮವಾರ ಎತ್ತು ಹೂಡಿದವನಲ್ಲ. ರನ್ನ ಬೆಳಗಲಿಯಲ್ಲಿ ನಮ್ಮ ಓಣಿಯವರು ಯಾರೂ ಹೂಡುತ್ತಿರಲಿಲ್ಲ ಅನ್ನಿ, ಅದು ಬಸವಣ್ಣನ ವಾರ. ಆದರೆ ಅಪ್ಪನದು ಉಳಿದವರಿಗಿಂತ ಒಂದು ಕೈ ಹೆಚ್ಚು. ಬಿತ್ತನೆಯ ಹದ ಕೈತಪ್ಪಿ ಹೋಗುತ್ತಿದ್ದರೂ ಸೋಮವಾರ ನೊಗ ಮುಟ್ಟುತ್ತಿರಲಿಲ್ಲ. ಎತ್ತಿನ ಹೆಗಲ ಮೇಲೆ ಕೈಯಾಡಿಸಿ, ಎಲ್ಲಾದರೂ ತೊಗಲು ಕಿತ್ತಿದ್ದರೆ ಅರಿಶಿನ, ಎಣ್ಣೆ ಹಚ್ಚುವುದೇ ಅವತ್ತಿನ ಕೆಲಸ. ಕುರಿ ಕಾಯ್ದ ಮನೆತನ ನಮ್ಮದು. ಬೀರಪ್ಪನ ಒಕ್ಕಲು ಮೂಕ ಪ್ರಾಣಿಯ ಶಾಪ ಹೊರಬಾರದು ಅನ್ನುತ್ತಿದ್ದ. ಆ ಮಾತು ಕೇಳಿಕೊಂಡೇ ಬೆಳೆದವಳು ನಾನು. ಅದಕ್ಕೇ ಆ ದಿನದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹೊಲದ ಕಬ್ಬೆಲ್ಲ ಕಾರ್ಖಾನೆ ಸೇರಿದ ಮೇಲೆ, ಒಂದು ಬೇಸಿಗೆಯಲ್ಲಿ, ಕ್ರೂಸರ್ ಗಾಡಿ ಮಾಡಿಕೊಂಡು ದಕ್ಷಿಣದ ಕಾಡಿನ ಕಡೆ ಹೊರಟೆವು. ಅಪ್ಪ, ಅಣ್ಣ, ಅವನ ಹೆಂಡತಿ ಬನಹಟ್ಟಿಯ ವೈನಿ, ನಾನು, ನನ್ನ ಎಂಟು ವರ್ಷದ ಮಗಳು. ಆನೆ ಮೇಲೆ ಕೂರಿಸುತ್ತೇನೆಂದು ಅಪ್ಪ ಮೊಮ್ಮಗಳಿಗೆ ಊರಲ್ಲೇ ಮಾತು ಕೊಟ್ಟಿದ್ದ. ಒಂದು ಕೂಡುರಸ್ತೆಯಲ್ಲಿ ಬೀಳಗಿಯ ಡ್ರೈವರ್ ಗಾಡಿ ನಿಧಾನ ಮಾಡಿದ.

"ಎಡಕ್ಕ ಹೋದ್ರ ಆನಿ ಮ್ಯಾಲೆ ಕುಂದರಸ್ತಾರ್ರಿ. ಬಲಕ್ಕ ಹೋದ್ರ ಹೊಳಿಗೆ ಬರೂ ಆನಿ ದೂರಿಂದ ನೋಡೂದಷ್ಟ. ಮುಟ್ಟಾಕ ಬಿಡಂಗಿಲ್ಲ."

"ಬಲಕ್ಕ ಹೊಡಿಯಪಾ" ಅಂದೆ.

"ದೂರಿಂದ ನೋಡಾಕ ಇಷ್ಟ ದೂರ ಬರಬೇಕಾಗಿತ್ತೇನವಾ?" ಅಂದರು ವೈನಿ. ಎಲ್ಲರೂ ನಕ್ಕರು. ಗಾಡಿ ಎಡಕ್ಕೆ ತಿರುಗಿತು.

ಸುಡುಬಿಸಿಲಲ್ಲಿ ಒಂದೇ ಒಂದು ಹೆಣ್ಣಾನೆ. ಹಿಂಗಾಲಿಗೆ ಸರಪಳಿ, ಬೆನ್ನ ಮೇಲೆ ಕಬ್ಬಿಣದ ಕುರ್ಚಿ, ಅದರಡಿ ಹರಕು ಗಾದಿ. ಸುತ್ತು ಹಾಕಿ ಹಾಕಿ ನೆಲ ಗಾಣದ ಎತ್ತಿನ ದಾರಿಯ ಹಾಗೆ ತಗ್ಗು ಬಿದ್ದಿತ್ತು. ಆನೆ ನಿಂತಲ್ಲೇ ತಲೆಯನ್ನು ಆಚೆ ಈಚೆ ತೂಗುತ್ತಿತ್ತು.

"ನೋಡ್ರಿ, ಹೆಂಗ ಕುಣ್ಯಾಕತ್ತೈತಿ! ಖರೆ ಗಣಪತಿ" ಎಂದು ವೈನಿ ಕೈಮುಗಿದರು.

ಕುಣಿತವಂತೆ! ಕಟ್ಟಿಹಾಕಿದ ಪ್ರಾಣಿಯ ಸಂಕಟ ಅದು. ನನ್ನ ಮೈ ಉರಿದು ಹೋಯಿತು. "ಗಣಪತಿ ಇಲಿ ಮ್ಯಾಲೆ ಕೂಡ್ತಾನ್ರಿ ವೈನಿ. ನೀವು ಗಣಪತಿ ಮ್ಯಾಲೇ ಕೂಡಾಕ ಹೊಂಟೀರಿ" ಅಂದೆ. ಅವರ ಮುಖ ಗಂಟಾಯಿತು.

ಮಾವುತನನ್ನು ಕೇಳಿದೆ, "ಇದಕ್ಕ ರಜಾ ಯಾವತ್ತಣ್ಣಾ?"

"ರಜೆ ದಿನ ಜನ ಜಾಸ್ತಿ ಬರ್ತಾರಲ್ಲಮ್ಮ. ಅವತ್ತೇ ಕೆಲ್ಸ ಜಾಸ್ತಿ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ರಜೆ ಇದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಅಪ್ಪ ನನ್ನ ಮಗಳ ಕೈ ಹಿಡಿದು ಆನೆ ಹತ್ತುವ ಮೆಟ್ಟಿಲ ಹತ್ತಿರ ಹೋಗಿದ್ದ. ನಾನು ಓಡಿ ಅವಳ ಇನ್ನೊಂದು ಕೈ ಹಿಡಿದೆ.

"ಅಪ್ಪಾ, ಇವತ್ತ ಯಾವ ವಾರ?"

ಅಪ್ಪ ನಿಂತ. ಸೋಮವಾರ ಎಂಬುದು ಅವನಿಗೆ ಗೊತ್ತಿತ್ತು, ಬೆಳಗ್ಗೆಯೇ ವಿಭೂತಿ ಹಚ್ಚಿಕೊಂಡಿದ್ದ.

"ಅದು ಎತ್ತಲ್ಲ" ಅಂದ. "ಕೂಸಿಗೆ ಮಾತು ಕೊಟ್ಟೇನಿ. ಸುಮ್ನಿರು ನೀ."

ಮಗಳು ನನ್ನ ಕೈ ಕಿತ್ತುಕೊಂಡಳು. "ನೀ ಕೆಟ್ಟಾಕಿ ಬೇ ಯವ್ವಾ" ಎಂದು ಅಳುತ್ತಲೇ ಮುತ್ಯಾನ ಜೊತೆ ಹತ್ತಿದಳು. ಆನೆ ಹೊರಟಿತು. ಮೊದಲು ಮೇಲಿನಿಂದ ನನ್ನತ್ತ ಕೈ ಬೀಸಿದಳು. ಸುತ್ತು ಮುಗಿಯುವ ಹೊತ್ತಿಗೆ ಬೀಸುವುದು ನಿಂತಿತ್ತು.

ಗಾಡಿ ಹೊರಟ ಮೇಲೆ ಅವಳು ಬಂದು ನನ್ನ ಪಕ್ಕಕ್ಕೇ ಒತ್ತಿಕೊಂಡು ಕೂತಳು. ಏನಾಯಿತೆಂದು ಕೇಳಿದೆ.

"ಗಾದಿ ಸರದಿತ್ತ ಯವ್ವಾ. ಅದರ ಕೆಳಗ ಆನಿಗೆ ಹುಣ್ಣ ಆಗೇತಿ. ನೊಣ ಕುಂತಿದ್ವು. ಮುತ್ಯಾಗ ತೋರಿಸಿದೆ. ನೋಡಬ್ಯಾಡ ಅಂದ."

ಹುಣ್ಣು ಕಾಣದೆ ಅಪ್ಪ ಕೂತಿದ್ದರೆ ಆ ಮಾತು ಬೇರೆ. ಎತ್ತಿನ ಹೆಗಲ ಮೇಲೆ ಚೂರು ಕೆಂಪಾದರೂ ಅನ್ನ ಇಳಿಯದ ಮನುಷ್ಯ ಕಂಡೂ ಕೂತಿದ್ದ, ಮೇಲಾಗಿ ಕೂಸಿನ ಕಣ್ಣನ್ನೂ ಮುಚ್ಚಿಸಿದ್ದ. ಅವನನ್ನು ಹಿಡಿದು ಅಲುಗಾಡಿಸಿ ಬೈಯಬೇಕು ಅನ್ನಿಸಿತು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.

ಅದೇ ಕೂಡುರಸ್ತೆ ಬಂದಾಗ, "ಈಗರ ಆ ಹೊಳಿ ಕಡೆ ಹೊಡಿ" ಎಂದು ಚೀರಿದೆ. ಈ ಸಲ ಯಾರೂ ನಗಲಿಲ್ಲ.

ಹೊಳೆಯ ಈಚೆ ಬೇಲಿ, ಆಚೆ ದಂಡೆಯಲ್ಲಿ ಆನೆಗಳು. ಕುರ್ಚಿಯಿಲ್ಲ, ಸರಪಳಿಯಿಲ್ಲ. ಒಂದು ಆನೆ ಸೊಂಡಿಲಿನಿಂದ ಕೆಸರು ತೆಗೆದು ತನ್ನ ಬೆನ್ನಿಗೆ ತಾನೇ ಎರಚಿಕೊಳ್ಳುತ್ತಿತ್ತು. ನಮ್ಮ ಕಡೆ ಒಂದೂ ತಿರುಗಿ ನೋಡಲಿಲ್ಲ. ನಾವು ಬಂದದ್ದು ಅವಕ್ಕೆ ಬೇಕಾಗಿಯೇ ಇರಲಿಲ್ಲ. ನನಗೆ ಹಾಯೆನಿಸಿತು.

ಮಗಳು ಬೇಲಿ ಹಿಡಿದು ಕೇಳಿದಳು, "ಮುತ್ಯಾ, ಅದಕ್ಕೂ ಹುಣ್ಣ ಐತೇನ?"

ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. "ಇಷ್ಟ ದೂರಿಂದ ಕಾಣಂಗಿಲ್ಲ, ಕೂಸ."

"ಹತ್ತರ ಇದ್ದಾಗ ಕಂಡಿತ್ತಲ್ಲಪಾ" ಅಂದೆ.

ಅಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ. ಆನೆಗಳು ಕಾಡು ಸೇರುವವರೆಗೂ ನನ್ನ ಕಡೆ ತಿರುಗಲಿಲ್ಲ.